ಗದಗ ಸೀಮೆಯ ಆಟದ ಬಯಲುಗಳು

ಪ್ರವಾಸಕ್ಕೆ ಹೊರಟವರು ಗುಡಿ-ಗೋಪುರಗಳನ್ನೂ ಶಿಲಾಶಾಸನಗಳನ್ನೂ ನೋಡಿ ಬಂದು ಅವುಗಳ ವರ್ಣನೆಯನ್ನು ಬರೆಯುವದು ರೂಢಿಯಾಗಿರುತ್ತದೆ. ಗದಗ ಸೀಮೆಯಲ್ಲಿ ಅಂಥವುಗಳಿಗೆ ಬಡತನವಿಲ್ಲ. ಆದರೆ ಈ ಸಲ ನಾವು ಕೈಕೊಂಡ ನಾಲ್ಕು ದಿನಗಳ ಸಂಚಾರದ ಉದ್ದೇಶವೇ ಬೇರೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಊರುಗಳ ಆಟದ ಬಯಲುಗಳನ್ನು ನೋಡಿ ಬರಬೇಕೆಂದು ನಾವು ಹೊರಟಿದ್ದೆವು. ಅರವತ್ತರ ವಯಸ್ಸಿನಲ್ಲಿ ಈ ಹುಚ್ಚೇತಕ್ಕೆಂದು ವಾಚಕರು ನಗಬಹುದು. ನಮ್ಮನ್ನು ಹೊರಡಿಸಿದ್ದು ಮೊಮ್ಮಗನ ಒಂದು ಪ್ರಶ್ನೆ.

“ಅಜ್ಜಾ, ಹುಬ್ಬಳ್ಳಿ ಟೈಗರ್ಸ್ ಅಂತ ಹೆಸರು ಇಟ್ಕೊಂಡಾರ, ಹುಬ್ಬಳ್ಳ್ಯಾಗ ಯಾಕ ಆಡೂದಿಲ್ಲ?”

ನಮಗೆ ಕೂಡಲೆ ಉತ್ತರ ಹೊಳೆಯಲಿಲ್ಲ. ವಿಚಾರಿಸಲಾಗಿ ಹುಡುಗನ ಮಾತು ನಿಜವಾಗಿತ್ತು. ಮಹಾರಾಜ ಟ್ರೋಫಿ ಎಂಬ ಕ್ರಿಕೆಟ್ ಪಂದ್ಯಾವಳಿಯನ್ನು 2023ರಲ್ಲಿ ಗೆದ್ದದ್ದು ಈ ಹುಬ್ಬಳ್ಳಿಯ ತಂಡವೇ. ಆದರೆ ಆ ವರ್ಷದ ಪಂದ್ಯಗಳೆಲ್ಲ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದವು. ಹುಬ್ಬಳ್ಳಿಯ ರಾಜನಗರದಲ್ಲಿ ಕ್ರಿಕೆಟ್ ಸಂಸ್ಥೆಯದೇ ಕ್ರೀಡಾಂಗಣವಿದ್ದರೂ ಹುಬ್ಬಳ್ಳಿಯವರು ತಮ್ಮ ಊರಿನ ಹೆಸರಿನ ಗೆಲವನ್ನು ದೂರದಿಂದಲೇ ಕಾಣಬೇಕಾಯಿತು. ಶಬ್ದವೂ ಅರ್ಥವೂ ಒಂದನ್ನೊಂದು ಬಿಟ್ಟಿರಲಾರವೆಂದು ಜೀವಮಾನವೆಲ್ಲ ಪಾಠ ಹೇಳಿದ ನಮಗೆ ಇಲ್ಲಿ ಹೆಸರು ಒಂದು ಕಡೆ, ಊರು ಇನ್ನೊಂದು ಕಡೆ ಇದ್ದದ್ದು ವಿಚಿತ್ರವಾಗಿ ತೋರಿತು. ಮೊಮ್ಮಗನನ್ನೇ ಸಂಗಡ ಕರಕೊಂಡು ಹೊರಟೆವು.

ಮೊದಲನೆಯ ದಿನ ಗದಗಿನ ಕೆ. ಎಚ್. ಪಾಟೀಲ ಜಿಲ್ಲಾ ಕ್ರೀಡಾಂಗಣಕ್ಕೆ ಬೆಳಗಿನ ಜಾವವೇ ಹೋದೆವು. ಓಡುವ ಹುಡುಗಿಯರು, ಕೈ ಬೀಸಿ ನಡೆಯುವ ನಮ್ಮಂಥ ವೃದ್ಧರು, ಮೂಲೆಯಲ್ಲಿ ಚೆಂಡಾಡುವ ಬಾಲಕರು, ಎಲ್ಲರಿಗೂ ಅಲ್ಲಿ ಸ್ಥಳವಿತ್ತು. ನಾಡಹಬ್ಬದ ಧ್ವಜವು ಹಾರುವದೂ ಇಂಥ ಬಯಲಿನಲ್ಲಿಯೇ. ಸಾರ್ವಜನಿಕರ ಹಣದಿಂದಾದ ಬಯಲೆಂದರೆ ಹೀಗಿರಬೇಕೆಂದುಕೊಂಡೆವು.

ಗದಗ ಎಂದ ಕೂಡಲೆ ಕ್ರಿಕೆಟ್ ಬಲ್ಲವರಿಗೆ ನೆನಪಾಗುವವರು ಸುನೀಲ ಜೋಶಿಯವರು. 1970ರಲ್ಲಿ ಇಲ್ಲಿಯೇ ಹುಟ್ಟಿದ ಅವರು ಬಾಲ್ಯದಲ್ಲಿ ಬೆಳಕು ಹರಿಯುವ ಮುನ್ನ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ಮತ್ತೆ ಗದಗಿನ ಶಾಲೆಯ ಗಂಟೆಗೆ ತಿರುಗಿ ಬರುತ್ತಿದ್ದರಂತೆ. ಹುಬ್ಬಳ್ಳಿಯು ಇಲ್ಲಿಂದ ಸುಮಾರು 60 ಕಿಲೋಮೀಟರು. ಮುಂದೆ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕೆಯ ಎದುರಿಗೆ 10 ಓವರುಗಳಲ್ಲಿ ಕೇವಲ 6 ಓಟಗಳನ್ನು ಕೊಟ್ಟು 5 ವಿಕೆಟ್ಟುಗಳನ್ನು ಕಿತ್ತರು. ಈ ಕಥೆಯನ್ನು ನಾವು ಮೊಮ್ಮಗನಿಗೆ ಸಾಹಸದ ಮಾದರಿಯೆಂದು ಹೇಳಿದೆವು. ಆದರೆ ಹೇಳುತ್ತಿರುವಾಗಲೇ ಅದರ ಇನ್ನೊಂದು ಮಗ್ಗುಲೂ ಕಂಡಿತು. ದಿನಾಲು ಅಷ್ಟು ದೂರ ಹೋಗಿ ಬರಲಾರದೆ ಊರಲ್ಲಿಯೇ ಉಳಿದ ಹುಡುಗರೆಷ್ಟೋ! ಅವರ ಹೆಸರುಗಳನ್ನು ಯಾರೂ ಬರೆದಿಟ್ಟಿಲ್ಲ.

ಎರಡನೆಯ ದಿನ ಮುಳಗುಂದದ ಮಾರ್ಗವಾಗಿ ಲಕ್ಷ್ಮೇಶ್ವರವನ್ನು ಸೇರಿದೆವು. ಇದೇ ಪ್ರಾಚೀನ ಪುಲಿಗೆರೆ. ತಿರುಳ್ಗನ್ನಡದ ಸೀಮೆಯೆಂದು ಹಿರಿಯರು ಎಣಿಸಿದ ನಾಲ್ಕು ಸ್ಥಳಗಳಲ್ಲಿ ಒಂದು. ಸೋಮೇಶ್ವರನ ದರ್ಶನ ಮಾಡಿ, ಶಂಖ ಬಸದಿಯನ್ನು ನೋಡಿ, ಗುಡಿಯ ಕಟ್ಟೆಯ ಮೇಲೆ ದಣಿವಾರಿಸಿಕೊಳ್ಳುತ್ತಿರುವಾಗ ನಮಗೆ ಇನ್ನೊಬ್ಬ ಸೋಮೇಶ್ವರನ ನೆನಪಾಯಿತು. ಆತನು ಈ ಸೀಮೆಯನ್ನಾಳಿದ ಕಲ್ಯಾಣದ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು. ಹನ್ನೆರಡನೆಯ ಶತಮಾನದಲ್ಲಿ ಆತನು ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದದ ಪ್ರಕರಣವುಂಟು. ಮಲ್ಲರನ್ನು ವಯಸ್ಸು-ಬಲಗಳ ಮೇಲಿಂದ ವಿಂಗಡಿಸುವದು, ಅವರ ಆಹಾರ, ಅವರ ಸಾಧನೆ, ಕುಸ್ತಿಯ ಕಣವನ್ನು ಅಣಿಗೊಳಿಸುವ ಕ್ರಮ ಇವೆಲ್ಲ ಅಲ್ಲಿ ಹೇಳಲ್ಪಟ್ಟಿವೆ. ಅರಸನ ಬೊಕ್ಕಸದಿಂದ ಆಟಗಾರರನ್ನು ಸಾಕುವದು ಇಂದಿನ ಹೊಸ ಮಾತಲ್ಲವೆಂಬದು ಇದರಿಂದ ಸ್ಪಷ್ಟವಾಗುವದು. ಆದರೆ ಒಂದು ಭೇದವುಂಟು. ಅರಸನು ಸಾಕಿದ ಮಲ್ಲನು ಅರಸನವನಾಗಿಯೇ ಇರುತ್ತಿದ್ದನು. ಇಂದು ಜನರ ಹಣದಿಂದ ಕಣ ಸಿದ್ಧವಾಗುವದು. ಮಲ್ಲನು ಮಾತ್ರ ಬೇರೊಬ್ಬನ ಒಡೆತನದವನು.

ಮೂರನೆಯ ದಿನ ಶಿರಹಟ್ಟಿ. ಹಿಂದೂ-ಮುಸಲ್ಮಾನರಿಬ್ಬರೂ ತಮ್ಮದೆಂದು ನಡೆದುಕೊಳ್ಳುವ ಫಕೀರೇಶ್ವರ ಮಠದ ಎದುರು ನಿಂತಾಗ ಮನಸ್ಸಿಗೆ ತಂಪೆನಿಸಿತು. ಈ ಊರಿನ ಹೆಸರನ್ನು ನಾಡಿನಲ್ಲೆಲ್ಲ ಮೆರೆಸಿದವರಲ್ಲಿ ನಾಟಕ ಕಂಪನಿಯ ಶಿರಹಟ್ಟಿ ವೆಂಕೋಬರಾಯರೂ ಒಬ್ಬರು. ಇಂಥ ಕಂಪನಿಗಳು ಊರಿಂದೂರಿಗೆ ಹೋಗಿ ತಮ್ಮ ಖರ್ಚಿನಿಂದ ಥೇಟರು ಕಟ್ಟಿ, ಜಾಗದ ಬಾಡಿಗೆ ಕೊಟ್ಟು, ಗಲ್ಲೆ ಕಡಿಮೆಯಾದ ಕೂಡಲೆ ಗಾಡಿ ಕಟ್ಟಿಕೊಂಡು ಮುಂದಿನ ಊರಿಗೆ ನಡೆಯುತ್ತಿದ್ದವು. ಕಂಪನಿ ಹೋಯಿತೆಂದು ಊರವರು ಬೇಸರಪಟ್ಟಾರು; ಆದರೆ ಊರಿನ ಮಾನವೇ ಹೋಯಿತೆಂದು ಯಾರೂ ಅಳಲಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರವೂ ಇದೇ ನ್ಯಾಯವನ್ನು ಹೇಳುತ್ತದೆ. ಪರಸ್ಥಳದಿಂದ ಬಂದ ಮೇಳವು ಆಟ ತೋರಿಸಬೇಕಾದರೆ ಐದು ಪಣಗಳನ್ನು ರಾಜನಿಗೆ ಕೊಡತಕ್ಕದ್ದು. ಹಳ್ಳಿಯವರು ಕೂಡಿ ಆಟ ಮಾಡಿಸಿದಾಗ ತನ್ನ ಪಾಲಿನ ವಂತಿಗೆ ಕೊಡದವನು ತನ್ನವರೊಡನೆ ಅದನ್ನು ನೋಡತಕ್ಕದ್ದಲ್ಲ. ಕದ್ದು ನೋಡಿದರೆ ಇಮ್ಮಡಿ ಪಾಲು ಕೊಡಬೇಕು. ಎಂದರೆ ಕೊಟ್ಟವನು ನೋಡಬೇಕು, ಬಂದವನು ಕೊಡಬೇಕು. ನಮ್ಮ ಕಾಲದಲ್ಲಿ ಈ ಎರಡು ವಿಧಿಗಳೂ ತಲೆಕೆಳಗಾದಂತೆ ಕಾಣುತ್ತವೆ. ಮುಂಡರಗಿಯ ಒಕ್ಕಲಿಗನ ಕರವೂ ಸೇರಿದ ಬೊಕ್ಕಸದಿಂದ ರಾಜಧಾನಿಯಲ್ಲಿ ಕ್ರೀಡಾಂಗಣವಾದರೆ ಅವನು ಅದನ್ನು ನೋಡುವದು ಚಿತ್ರಪರದೆಯ ಮೇಲೆಯೇ.

ನಾಲ್ಕನೆಯ ದಿನ ಕಪ್ಪತಗುಡ್ಡದ ಸಾಲನ್ನು ನೋಡುತ್ತ ಮುಂಡರಗಿಗೆ ಬಂದೆವು. ಊರ ಹೊರಗೆ ಬೆಳೆ ಕೊಯ್ದ ಹೊಲವೊಂದರಲ್ಲಿ ಹುಡುಗರು ಆಡುತ್ತಿದ್ದರು. ಮೂರು ಕಟ್ಟಿಗೆಗಳು ಒಂದು ಕಡೆ, ಕಲ್ಲಿನ ಗುಂಪಿ ಒಂದು ಕಡೆ.

“ಶಾಲಿ ಬಯಲಾಗ ಯಾಕ ಆಡೂದಿಲ್ಲೋ?” ಎಂದು ಕೇಳಿದೆವು.

“ಅಲ್ಲಿ ಕಟ್ಟಡಾ ಕಟ್ಟಾಕತ್ತ್ಯಾರ್ರೀ ಅಜ್ಜಾರ. ಇದು ಮಳಿ ಬೀಳೂತನಾ ಅಷ್ಟ ನಮ್ದು. ಬಿತ್ತಿಗಿ ಸುರು ಆದ್ರ ಇಲ್ಲಿಂದನೂ ಎದ್ದು ಹೋಗ್ಬೇಕು.”

ಆ ಮಾತು ನಮ್ಮನ್ನು ಚುಚ್ಚಿತು. ಯಾತಕ್ಕೆಂದರೆ ಇಂಥದೇ ತಪ್ಪಿನಲ್ಲಿ ನಾವೂ ಒಮ್ಮೆ ಪಾಲುದಾರರಾಗಿದ್ದೆವು. ಹಲವು ವರ್ಷಗಳ ಹಿಂದೆ ನಾವು ಮುಖ್ಯಾಧ್ಯಾಪಕರಾಗಿದ್ದ ಊರಿಗೆ ಪಂದ್ಯ ಏರ್ಪಡಿಸುವವರು ಕೆಲವರು ಬಂದರು. ಶಾಲೆಯ ಬಯಲು ಬೇಕು, ಅದನ್ನು ಸಮತಟ್ಟು ಮಾಡಿಸಲು ಊರ ವಂತಿಗೆಯೂ ಬೇಕು, ಇಲ್ಲದಿದ್ದರೆ ನೆರೆಯ ಊರಿಗೆ ಹೋಗುವೆವು ಎಂದರು. ನೆರೆಯ ಊರ ಹೆಸರು ಕೇಳಿದ ಕೂಡಲೆ ನಮ್ಮವರಿಗೆ ಅಭಿಮಾನವುಕ್ಕಿತು. ನಾವು ಸಮ್ಮತಿಸಿದೆವು, ವಂತಿಗೆಯ ಪಟ್ಟಿಯನ್ನು ಬರೆದದ್ದೂ ನಮ್ಮ ಕೈಯೇ. ಮೂರು ದಿನ ಜಾತ್ರೆಯಂತಾಯಿತು. ಮರುವರ್ಷ ಅವರು ನೆರೆಯ ಊರಿಗೇ ಹೋದರು. ಅಲ್ಲಿ ಹೆಚ್ಚು ಕೊಟ್ಟಿದ್ದರು. ನಮ್ಮ ಬಯಲಿನಲ್ಲಿ ಪೆಂಡಾಲಿನ ಕಂಬದ ಕುಣಿಗಳು ಉಳಿದವು. ಅದರಲ್ಲಿ ಕಾಲು ಸಿಕ್ಕು ಒಬ್ಬ ಹುಡುಗನು ಬಿದ್ದು ಕೈ ಮುರಿದುಕೊಂಡನು. ಅವನ ತಂದೆ ನಮಗೆ ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಹಗುರಾಗುತ್ತಿತ್ತು.

ಸಣ್ಣ ಊರಿನಲ್ಲಿ ನಡೆದದ್ದೇ ದೊಡ್ಡ ಊರುಗಳಲ್ಲಿ ದೊಡ್ಡದಾಗಿ ನಡೆಯುತ್ತದೆ. 1997ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ಸಿದ್ಧವಾದ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2014ರಿಂದ ಬೆಂಗಳೂರು ಎಫ್‌ಸಿ ಎಂಬ ಕಾಲ್ಚೆಂಡಿನ ತಂಡವು ಆಡತೊಡಗಿತು. ಓಟಗಾರರ ಅಭ್ಯಾಸಕ್ಕೆ ಅಡ್ಡಿಯಾಗುವದೆಂದು ತರಬೇತಿದಾರರು ದೂರಿದರು. 2019ರಲ್ಲಿ ತಂಡವು ತನ್ನ ತವರನ್ನು ಪುಣೆಗೆ ಒಯ್ಯುವದೆಂದು ವೃತ್ತಪತ್ರಗಳಲ್ಲಿ ಸುದ್ದಿಯಾಯಿತು. ಕೊನೆಗೆ ಅಲ್ಲಿಯೇ ಉಳಿಯಿತು. ಬೆಂಗಳೂರು ಬುಲ್ಸ್ ಎಂಬ ಕಬಡ್ಡಿ ತಂಡವಂತೂ ತವರಿನ ಪಂದ್ಯಗಳನ್ನು 2017ರಲ್ಲಿ ನಾಗಪುರದಲ್ಲಿಯೂ 2018ರಲ್ಲಿ ಪುಣೆಯಲ್ಲಿಯೂ ಆಡಿತು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಜನರು ಪ್ರಾಣ ಬಿಟ್ಟ ಬಳಿಕ ಮಹಿಳೆಯರ ವಿಶ್ವಕಪ್ಪಿನ ಪಂದ್ಯಗಳು ಅಲ್ಲಿಂದ ನವಿ ಮುಂಬಯಿಗೆ ಹೋದವು. ಅದೇ ವರ್ಷ ಬೊಮ್ಮಸಂದ್ರದ ಬಳಿ 80,000 ಜನರು ಕೂಡ್ರುವ ಕ್ರೀಡಾಂಗಣವನ್ನು ಸುಮಾರು 1,650 ಕೋಟಿ ರೂಪಾಯಿಗಳ ವೆಚ್ಚದಿಂದ ಗೃಹಮಂಡಳಿಯ ಮೂಲಕ ಕಟ್ಟುವ ಯೋಜನೆಗೆ ಸರಕಾರವು ಒಪ್ಪಿಗೆಯಿತ್ತಿತು. ಜನರ ಪ್ರಾಣ ಕಾಯುವಂಥ ವಿಶಾಲ ಸ್ಥಳ ಬೇಕೆಂಬದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಪಂದ್ಯಗಳು ಕೈಬಿಟ್ಟು ಹೋದಾವೆಂಬ ಅಂಜಿಕೆಯು ಲೆಕ್ಕವನ್ನು ನುಂಗಬಾರದು.

ಅಮೇರಿಕದಲ್ಲಿ ಈ ಅಂಜಿಕೆಯೇ ಒಂದು ವ್ಯಾಪಾರವಾಗಿದೆ. 1984ರ ಮಾರ್ಚ್ ತಿಂಗಳ ಒಂದು ರಾತ್ರಿ ಬಾಲ್ಟಿಮೋರ್ ನಗರದ ಫುಟ್‌ಬಾಲ್ ತಂಡವು ಲಾರಿಗಳಲ್ಲಿ ಸಾಮಾನು ಹೇರಿಕೊಂಡು ಇಂಡಿಯಾನಾಪೊಲಿಸ್‌ಗೆ ಹೋಗಿಬಿಟ್ಟಿತು. ಬೆಳಗಾದರೆ ಊರಲ್ಲಿ ತಂಡವಿಲ್ಲ! ಹೀಗೆ ನೊಂದ ಊರೇ ಮುಂದೆ ಸಾರ್ವಜನಿಕ ಹಣದಿಂದ ಕ್ರೀಡಾಂಗಣ ಕಟ್ಟಿಸುವ ಮಾತು ಕೊಟ್ಟು 1996ರಲ್ಲಿ ಕ್ಲೀವ್‌ಲೆಂಡಿನ ತಂಡವನ್ನು ತನ್ನ ಕಡೆಗೆ ಕರೆಸಿಕೊಂಡಿತು. ಇಂಥ ವೆಚ್ಚದಿಂದ ಊರಿಗೆ ಹೇಳಿದಷ್ಟು ಲಾಭ ಬರುವದಿಲ್ಲವೆಂದು ಅಲ್ಲಿಯ ಅರ್ಥಶಾಸ್ತ್ರಜ್ಞರಲ್ಲಿ ಬಹುಮತವುಂಟು. ಯಾತಕ್ಕೆಂದರೆ ಆಟಕ್ಕೆ ಕೊಟ್ಟ ರೂಪಾಯಿಯು ಅದೇ ಊರಿನ ಇನ್ನೊಂದು ಅಂಗಡಿಗೆ ಹೋಗತಕ್ಕದ್ದಾಗಿತ್ತು.

ಆದರೆ ಅದೇ ದೇಶದಲ್ಲಿ ಗ್ರೀನ್ ಬೇ ಎಂಬ ಊರುಂಟು. 2011ರ ಜನಗಣತಿಯಲ್ಲಿ ನಮ್ಮ ಗದಗ-ಬೆಟಗೇರಿಯ ಜನಸಂಖ್ಯೆ 1,72,612. ಆ ಊರು ಒಂದು ಲಕ್ಷಕ್ಕೆ ತುಸು ಮೇಲೆ. ಅಲ್ಲಿಯ ಫುಟ್‌ಬಾಲ್ ತಂಡಕ್ಕೆ ಒಬ್ಬ ಧಣಿಯಿಲ್ಲ. 1923ರಲ್ಲಿ ಊರವರು ಪಾಲು ಕೊಂಡು ಅದನ್ನು ತಮ್ಮದಾಗಿ ಮಾಡಿಕೊಂಡರು. ಪಾಲಿಗೆ ಲಾಭಾಂಶವಿಲ್ಲ, ತಂಡವನ್ನು ಮಾರಿದರೆ ಹಣವು ಧರ್ಮಕಾರ್ಯಕ್ಕೆ ಹೋಗುವದೆಂಬ ನಿಯಮವಿರುವದರಿಂದ ಮಾರುವ ಆಶೆಯೂ ಇಲ್ಲ. ಕ್ರೀಡಾಂಗಣದ ಜೀರ್ಣೋದ್ಧಾರಕ್ಕೆ 2000ರಲ್ಲಿ ಅರ್ಧ ಶೇಕಡಾ ತೆರಿಗೆ ಹಾಕಬೇಕಾದಾಗಲೂ ಜನರ ಮತ ಕೇಳಿಯೇ ಹಾಕಿದರು. 2015ರಲ್ಲಿ ಅದನ್ನು ನಿಲ್ಲಿಸಿದರು.

ಇದನ್ನು ಕೇಳಿ ಗದಗಿನವರು ಬೆರಗಾಗಬೇಕಾಗಿಲ್ಲ. ಗದಗಿಗೆ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರ ಪಾಲು ಕೂಡಿಸಿ ಸಹಕಾರ ಪತ್ತಿನ ಸಂಘವನ್ನು ಸ್ಥಾಪಿಸಿದರು. ಭಾರತದ ಸಹಕಾರ ಚಳವಳಿಯ ಚರಿತ್ರೆಯು ಆ ಹಳ್ಳಿಯ ಹೆಸರಿಲ್ಲದೆ ಪೂರ್ಣವಾಗದು. ದೊಡ್ಡ ಧನಿಕರು ಬಿಟ್ಟು ಹೋದಾರೆಂದು ಅಂಜದಿರುವದನ್ನೂ ಈ ಸೀಮೆ ಬಲ್ಲದು. ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಪಾಸ್ಕೋ ಉಕ್ಕಿನ ಕಾರಖಾನೆಗೆ ಮೂರು ಸಾವಿರಕ್ಕೂ ಮೇಲ್ಪಟ್ಟ ಎಕರೆ ಭೂಮಿ ಬೇಕಾದಾಗ ರೈತರು ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳೊಡನೆ ನಿಂತು ಒಲ್ಲೆವೆಂದರು. 2011ರಲ್ಲಿ ಸರಕಾರವು ಭೂಸ್ವಾಧೀನವನ್ನು ಕೈಬಿಟ್ಟಿತು. ಉದ್ಯೋಗ ಹೋಯಿತೆಂದು ಮರುಗುವವರೂ ಇದ್ದಾರೆ. ಅವರ ಮಾತನ್ನೂ ನಾವು ತಳ್ಳಿಹಾಕೆವು. ಕೊಡುವ ಮುನ್ನ ಕೇಳುವ ಧೈರ್ಯ ಬೇಕೆಂಬದಷ್ಟೇ ನಮ್ಮ ತಾತ್ಪರ್ಯ.

ತಿರುಗಿ ಬರುವಾಗ ಡಂಬಳದಲ್ಲಿ ಇಳಿದು ನಕ್ಷತ್ರಾಕಾರದ ದೊಡ್ಡಬಸಪ್ಪನ ಗುಡಿಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಹಳೆಯ ಚಾಳಿಯಂತೆ ಮೊಮ್ಮಗನಿಗೆ ಒಂದು ಲೆಕ್ಕ ಹಾಕಿದೆವು. 1,650 ಕೋಟಿಯ ನೂರನೆಯ ಒಂದು ಪಾಲೆಷ್ಟು? ಹದಿನಾರೂವರೆ ಕೋಟಿ. ಅದನ್ನು ಗದಗ ಜಿಲ್ಲೆಯ 7 ತಾಲೂಕುಗಳಿಗೆ ಹಂಚಿದರೆ? ಹುಡುಗನು ಬೆರಳು ಮಡಚಿ ಎಣಿಸಿ, ತಾಲೂಕಿಗೆ ಸುಮಾರು 2 ಕೋಟಿ 35 ಲಕ್ಷವೆಂದನು. ಒಂದು ಬೇಲಿ, ನೆರಳಿಗೆ ನಾಲ್ಕು ಮರ, ಕುಡಿಯುವ ನೀರು, ಹೆಣ್ಣುಮಕ್ಕಳಿಗೊಂದು ಕೋಣೆ, ಒಬ್ಬ ತರಬೇತಿದಾರ, ಬಿತ್ತಿಗೆ ಬಂದರೂ ಯಾರೂ ಎಬ್ಬಿಸಲಾರದ ಒಂದು ಬಯಲು. ಇಷ್ಟಕ್ಕೆ ಆ ಹಣವು ಒಳ್ಳೆಯ ಆರಂಭವಾದೀತು.

ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜಾ, ಹಂಗಾದ್ರ ಆ ಬಯಲು ಎಲ್ಲೂ ಓಡಿ ಹೋಗೂದಿಲ್ಲಲ್ಲ?” ಎಂದನು.

ಇಲ್ಲ, ಹೋಗುವದಿಲ್ಲವೆಂದೆವು. ತಂಡಗಳು ಬಂದಾವು, ಹೋದಾವು. ಅವುಗಳನ್ನು ಅತಿಥಿಗಳಂತೆ ಆದರಿಸೋಣ. ಆದರೆ ಅತಿಥಿಯು ಮುನಿದಾನೆಂದು ಮನೆಯ ಮಕ್ಕಳ ಅಂಗಳವನ್ನು ಬರೆದುಕೊಡಲಾಗದು. ಈ ಪತ್ರಿಕೆಯನ್ನೋದುವ ತಾಯಿ-ತಂದೆಗಳು ತಮ್ಮ ಊರ ಶಾಲೆಯ ಬಯಲು ಎಷ್ಟು ಉಳಿದಿದೆಯೆಂದು ಒಂದು ಸಂಜೆ ಹೋಗಿ ನೋಡಿ ಬಂದರೆ ನಮ್ಮ ನಾಲ್ಕು ದಿನಗಳ ದಣಿವು ಸಾರ್ಥಕವಾಗುವದು.