ತಡವಾದ ಸಹಿ

ನಮ್ಮಪ್ಪ ಹಲವು ವರ್ಷ ಊರ ಸಹಕಾರ ಸಂಘದ ಅಧ್ಯಕ್ಷರಾಗಿದ್ದರು. ಹೆಸರಿಗಷ್ಟೇ ಅಧ್ಯಕ್ಷಗಿರಿ. ಲೆಕ್ಕ ಬರೆಯುವವರು ಬೇರೆ, ಸಾಲದ ಮಾತಾಡುವವರು ಬೇರೆ. ಸಂಜೆ ಸೆಕ್ರೆಟರಿ ಕಾಗದದ ಕಟ್ಟು ತಂದು "ಇಲ್ಲೊಂದು ಸಹಿ ಹಾಕ್ರಿ ಗೌಡ್ರ" ಅಂದರೆ ಅಪ್ಪ ಹಾಕುತ್ತಿದ್ದರು. ಕೆಲವು ಸಲ ಮಾತ್ರ ಒಂದು ಕಾಗದ ಬೇರೆ ತೆಗೆದು, "ಇದು ಇವತ್ತ ರಾತ್ರಿ ಇಲ್ಲೇ ಇರ್ಲಿ" ಅನ್ನುತ್ತಿದ್ದರು. ಬೆಳಗ್ಗೆ ಅದಕ್ಕೂ ಸಹಿ ಬೀಳುತ್ತಿತ್ತು. ಮತ್ತೆ ರಾತ್ರಿ ಇಟ್ಟುಕೊಂಡು ಸಿಕ್ಕಿದ್ದೇನು ಎಂದು ಕೇಳಿದರೆ, "ಜತ್ತಿ ಸಾಹೇಬ್ರನ್ನ ಕೇಳು" ಎಂದು ನಕ್ಕುಬಿಡುತ್ತಿದ್ದರು.

ಬಸಪ್ಪ ದಾನಪ್ಪ ಜತ್ತಿ ನಮ್ಮ ಜಮಖಂಡಿ ತಾಲ್ಲೂಕಿನ ಸಾವಳಗಿಯವರು. ಹುಟ್ಟಿದ್ದು 1912ರಲ್ಲಿ. ವಕೀಲಿಕೆ, ಪುರಸಭೆ, ಜಮಖಂಡಿ ಸಂಸ್ಥಾನದ ಮಂತ್ರಿಗಿರಿ, ಮುಂಬೈ ಪ್ರಾಂತ್ಯ. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ. 1961ರ ಭೂಸುಧಾರಣಾ ಕಾಯ್ದೆಯ ಹಿಂದೆ ಇದ್ದದ್ದು ಅವರ ಅಧ್ಯಕ್ಷತೆಯ ಸಮಿತಿ. ನನ್ನ ಕೇಳಿದರೆ ಅವರ ದೊಡ್ಡ ಕೆಲಸ ಅದೇ. ಆದರೆ ಕ್ವಿಜ್ ಪುಸ್ತಕಗಳಲ್ಲಿ ಉಳಿದಿರುವುದು ಒಂದೇ ಸಾಲು: ಹಂಗಾಮಿ ರಾಷ್ಟ್ರಪತಿ, 1977.

ಆ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು. 1975ರ ಜೂನ್ 25ರ ರಾತ್ರಿ, ಸಂಪುಟ ಸೇರುವ ಮೊದಲೇ ತುರ್ತು ಪರಿಸ್ಥಿತಿಗೆ ಸಹಿ ಹಾಕಿದವರು ಅವರು. ಸ್ನಾನದ ತೊಟ್ಟಿಯಲ್ಲಿ ಕೂತೇ ಸುಗ್ರೀವಾಜ್ಞೆಗೆ ಸಹಿ ಹಾಕುವ ರಾಷ್ಟ್ರಪತಿಯನ್ನು ಅಬು ಅಬ್ರಹಾಂ ಬರೆದ ವ್ಯಂಗ್ಯಚಿತ್ರ ಈಗಲೂ ಕಣ್ಣಿಗೆ ಬೀಳುತ್ತದೆ. ಆ ಕುರ್ಚಿಗೆ ಉಪರಾಷ್ಟ್ರಪತಿ ಜತ್ತಿ ಬಂದರು. ಮಾರ್ಚ್ 24ರಂದು ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದರು.

ತಿಂಗಳೊಳಗೆ ಪೇಚು ಎದುರಾಯಿತು. ಲೋಕಸಭೆಯಲ್ಲಿ ಕಾಂಗ್ರೆಸ್ ಸೋತಿದೆ, ಆದ್ದರಿಂದ ಅದು ಆಳುತ್ತಿರುವ ಒಂಬತ್ತು ರಾಜ್ಯಗಳ ವಿಧಾನಸಭೆಗಳೂ ವಿಸರ್ಜನೆಯಾಗಲಿ ಎಂಬುದು ಜನತಾ ಸರ್ಕಾರದ ವಾದ. ಕೆಲವು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು, ಏಪ್ರಿಲ್ 29ರಂದು ಸೋತವು. ಸಂಪುಟದ ಸಲಹೆ ಜತ್ತಿಯವರ ಮೇಜಿಗೆ ಬಂತು. ಅವರು ತಕ್ಷಣ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಗದ್ದಲವೆದ್ದಿತು. 30ಕ್ಕೆ ಸಹಿ ಬಿತ್ತು.

ಇಂದಿರಾ ಗಾಂಧಿಯವರ ಋಣ ತೀರಿಸಿದರು ಅಂದವರಿದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ತುರ್ತು ಪರಿಸ್ಥಿತಿಯುದ್ದಕ್ಕೂ ರಾಜ್ಯಸಭೆಯ ಸಭಾಪತಿ ಅವರೇ. ಆಗ ಈ ಹಿಂಜರಿಕೆ ಎಲ್ಲಿತ್ತು? ಊರಿನ ಅಭಿಮಾನಕ್ಕೆ ಇದನ್ನು ನುಂಗಿಕೊಳ್ಳುವುದು ನನ್ನಿಂದಾಗದು. ಆದರೂ ಲೋಕಸಭೆಗೆ ಹಾಕಿದ ಮತ ವಿಧಾನಸಭೆಯ ಆಯುಷ್ಯವನ್ನು ಮುಗಿಸಬಹುದೇ ಎಂಬ ಪ್ರಶ್ನೆ ಖೊಟ್ಟಿಯಲ್ಲ. ಅದನ್ನು ಕೇಳಲು ಕಾನೂನಿನಲ್ಲಿ ಅವರಿಗೆ ಜಾಗವಿರಲಿಲ್ಲ. ಸಂಪುಟದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯತಕ್ಕದ್ದೆಂದು 42ನೇ ತಿದ್ದುಪಡಿ ಆಗಷ್ಟೇ ಕಟ್ಟಿಹಾಕಿತ್ತು. 1978ರ 44ನೇ ತಿದ್ದುಪಡಿ ಒಂದು ಕಿಂಡಿ ತೆರೆಯಿತು: ಒಮ್ಮೆ ಮರುಪರಿಶೀಲನೆಗೆ ಕಳಿಸಬಹುದು, ಮತ್ತೆ ಬಂದರೆ ಒಪ್ಪಲೇಬೇಕು. 1997ರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಸಲಹೆಯನ್ನು ಕೆ.ಆರ್. ನಾರಾಯಣನ್ ಹಾಗೆ ಹಿಂದಕ್ಕೆ ಕಳಿಸಿದಾಗ ಸರ್ಕಾರ ಅದನ್ನು ಕೈಬಿಟ್ಟಿತು. ಜತ್ತಿಯವರಿಗೆ ಸಿಕ್ಕಿದ್ದು ಬರೀ ತಡಮಾಡುವ ಅವಕಾಶ.

ಅಪ್ಪನ ರಾತ್ರಿಯ ಕಾಗದಗಳ ಮೂಲ ನನಗೆ ತಿಳಿದದ್ದು ಅವ್ವನಿಂದ. ಒಮ್ಮೆ ಜಾತ್ರೆಗೆ ಹೊರಟ ಅವಸರದಲ್ಲಿ ಅಪ್ಪ ನಿಂತಲ್ಲೇ ಐದಾರು ಸಹಿ ಹಾಕಿದ್ದರಂತೆ. ಅದರಲ್ಲೊಂದು ಜಪ್ತಿಯ ಕಾಗದ. ಮರುವಾರ ಆಚೆ ಓಣಿಯವರ ಜೋಡೆತ್ತುಗಳನ್ನು ನಮ್ಮ ಕಟ್ಟೆಯ ಮುಂದೆಯೇ ಹೊಡೆದುಕೊಂಡು ಹೋದರು. ಕೊರಳ ಗಂಟೆ ಕೇಳಿ ಅಪ್ಪ ಉಣ್ಣುತ್ತಿದ್ದವರು ಹೊರಗೆ ಬಂದರು. ಎತ್ತಿನ ಹಿಂದೆ ಬರುತ್ತಿದ್ದ ಮುದುಕ ತಲೆಯೆತ್ತಿ, "ಶರಣ್ರೀ ಗೌಡ್ರ" ಅಂದನಂತೆ, ದಿನಾ ಅನ್ನುವ ಹಾಗೆಯೇ.