ನೆಲದ ಮೇಲಿನ ಕಿವಿ

ವಿಮಾನವೊಂದು ಆಗಸಕ್ಕೆ ಏರುವುದನ್ನು ಕಂಡವರು ಅದನ್ನು ನಡೆಸುವ ಪೈಲಟ್‌ನನ್ನು ನೆನೆಯುತ್ತಾರೆ. ಹೆಚ್ಚೆಂದರೆ, ಎತ್ತರದ ಗೋಪುರದಲ್ಲಿ ಕುಳಿತು ದಾರಿ ತೋರುವ ನಿಯಂತ್ರಕರನ್ನೂ ನೆನೆಯುತ್ತಾರೆ. ಇವರಲ್ಲದೆ ಮೂರನೆಯವರೊಬ್ಬರು ಇರುವರೆಂಬುದು ಪ್ರಯಾಣಿಕರಲ್ಲಿ ಬಹುಮಂದಿಗೆ ತಿಳಿಯದು. ಅವರು ವಿಮಾನದೊಳಗೆ ಇರುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಇರಬೇಕೆಂಬ ನಿಯಮವೂ ಇಲ್ಲ. ನೂರಾರು, ಕೆಲವೊಮ್ಮೆ ಸಾವಿರಾರು ಮೈಲಿಗಳ ಆಚೆ, ವಿಮಾನ ಸಂಸ್ಥೆಯ ಕಚೇರಿಯೊಂದರಲ್ಲಿ ಕಂಪ್ಯೂಟರ್ ಪರದೆಗಳ ಮುಂದೆ ಕುಳಿತಿರುತ್ತಾರೆ. ಅಮೆರಿಕದಲ್ಲಿ ಅವರನ್ನು ಡಿಸ್ಪ್ಯಾಚರ್ ಎಂದು ಕರೆಯುತ್ತಾರೆ. ಹೆಸರನ್ನು ಕೇಳಿದರೆ ಸಾಮಾನು ರವಾನಿಸುವ ಗುಮಾಸ್ತರೆಂಬ ಭಾವನೆ ಬರಬಹುದು. ಅವರ ಹೊಣೆ ಅದಕ್ಕಿಂತ ಬಹಳ ದೊಡ್ಡದು.

ವಿಮಾನ ಯಾವ ಮಾರ್ಗದಲ್ಲಿ ಹೋಗಬೇಕು, ಎಷ್ಟು ಇಂಧನ ತುಂಬಿಕೊಳ್ಳಬೇಕು, ದಾರಿಯಲ್ಲಿ ಬಿರುಗಾಳಿ ಇದೆಯೆ, ಸೇರಬೇಕಾದ ಊರಿನಲ್ಲಿ ಇಳಿಯಲಾಗದಿದ್ದರೆ ಯಾವ ಊರಿಗೆ ತಿರುಗಬೇಕು, ಇವನ್ನೆಲ್ಲ ಅವರು ಲೆಕ್ಕಹಾಕುತ್ತಾರೆ. ಅಲ್ಲಿನ ಕಾನೂನಿನಂತೆ ಪೈಲಟ್ ಮತ್ತು ಡಿಸ್ಪ್ಯಾಚರ್ ಇಬ್ಬರೂ ಒಪ್ಪಿದ ಹೊರತು ವಿಮಾನ ಹೊರಡುವಂತಿಲ್ಲ. ಹೊರಟ ಮೇಲೂ ಅದರ ಕ್ಷೇಮದ ಹೊಣೆಯಲ್ಲಿ ಇಬ್ಬರಿಗೂ ಪಾಲುಂಟು. ಈ ಕಟ್ಟಳೆಯ ಹಿಂದೆ ಒಂದು ದುರಂತವಿದೆ. 1935ರ ಮೇ ತಿಂಗಳಿನಲ್ಲಿ, ಇಂಧನ ಮುಗಿಯುತ್ತ ಬಂದಿದ್ದ ವಿಮಾನವೊಂದು ಮಂಜು ಕವಿದ ರಾತ್ರಿಯಲ್ಲಿ ಮಿಸೌರಿ ಸಂಸ್ಥಾನದ ಹೊಲವೊಂದಕ್ಕೆ ಅಪ್ಪಳಿಸಿತು. ಸತ್ತವರಲ್ಲಿ ಬ್ರಾನ್ಸನ್ ಕಟಿಂಗ್ ಎಂಬ ಸೆನೆಟ್ ಸದಸ್ಯರೂ ಒಬ್ಬರು. ದೊಡ್ಡವರೊಬ್ಬರು ಸತ್ತಾಗ ಸರಕಾರ ಬೇಗ ಎಚ್ಚರಗೊಳ್ಳುವುದು ಎಲ್ಲ ಕಾಲದ, ಎಲ್ಲ ದೇಶಗಳ ಕಥೆ. ವಿಚಾರಣೆಗಳಾದವು, 1938ರಲ್ಲಿ ಹೊಸ ವಿಮಾನಯಾನ ಶಾಸನ ಬಂದಿತು. ಪರವಾನಗಿ ಪಡೆದ ಡಿಸ್ಪ್ಯಾಚರನ ಹುದ್ದೆ ನೆಲೆಗೊಂಡದ್ದು ಆ ಕಾಲದಲ್ಲಿ.

ಹೊಣೆಯೇನೋ ಇಬ್ಬರದು, ಆದರೆ ಮಾತು ಮಾತ್ರ ಒಬ್ಬರ ಕಿವಿಗೇ ಬೀಳುತ್ತಿತ್ತು. ಪೈಲಟ್ ಮತ್ತು ನಿಯಂತ್ರಕರ ಸಂಭಾಷಣೆ ನಡೆಯುವುದು 118ರಿಂದ 137 ಮೆಗಾಹರ್ಟ್ಸ್‌ವರೆಗಿನ ರೇಡಿಯೊ ಅಲೆಗಳಲ್ಲಿ. ಈ ಅಲೆಗಳು ನೋಟದಂತೆ ನೇರವಾಗಿ ಸಾಗುತ್ತವೆ. ಭೂಮಿಯ ಉಬ್ಬನ್ನು ಬಳಸಿ ಬಾಗುವುದಿಲ್ಲ. ಆದ್ದರಿಂದ ಟೆಕ್ಸಾಸಿನ ಕಚೇರಿಯಲ್ಲಿ ಕುಳಿತವರಿಗೆ ನ್ಯೂಯಾರ್ಕಿನ ಆಕಾಶದ ಮಾತು ಕೇಳಿಸುವಂತಿರಲಿಲ್ಲ. 1978ರಿಂದ ಈಚೆಗೆ ವಿಮಾನಕ್ಕೂ ಕಚೇರಿಗೂ ನಡುವೆ ಬರಹದ ಸಂದೇಶಗಳು ಓಡಾಡತೊಡಗಿದವು. ಪರದೆಯ ಮೇಲೆ ವಿಮಾನವೊಂದು ಚಿಕ್ಕ ಗುರುತಾಗಿ ಚಲಿಸುವುದೂ ಕಾಣತೊಡಗಿತು. ಆದರೆ ಆ ಗುರುತು ವಿಮಾನ ಎಲ್ಲಿದೆ ಎಂದು ಹೇಳುತ್ತದೆಯೇ ಹೊರತು, ಅಲ್ಲೇಕೆ ಸುತ್ತುತ್ತಿದೆ ಎಂದು ಹೇಳುವುದಿಲ್ಲ.

ಈ ಕೊರತೆಯನ್ನು ತುಂಬಿದವರು ಯಾವ ಸರಕಾರದವರೂ ಅಲ್ಲ, ಹವ್ಯಾಸಿಗಳು. ವಿಮಾನಗಳ ಮಾತನ್ನು ಆಲಿಸುವುದರಲ್ಲಿಯೇ ಸಂತೋಷಪಡುವ ಕೆಲವರು ನಿಲ್ದಾಣಗಳ ಹತ್ತಿರವಿರುವ ತಮ್ಮ ಮನೆಗಳಲ್ಲಿ ಆಂಟೆನಾ ಕಟ್ಟಿ, ಚಿಕ್ಕ ರೇಡಿಯೊ ಗ್ರಾಹಕವನ್ನು ಕಂಪ್ಯೂಟರಿಗೆ ಜೋಡಿಸಿ, ಕೇಳಿಬಂದ ದನಿಯನ್ನು ಅಂತರಜಾಲಕ್ಕೆ ಹರಿಯಬಿಟ್ಟರು. ಈ ಶತಮಾನದ ಆರಂಭದ ವರ್ಷಗಳಲ್ಲಿ ಲೈವ್‌ಎಟಿಸಿ ಎಂಬ ತಾಣ ಇಂತಹ ದನಿಗಳನ್ನೆಲ್ಲ ಒಂದೆಡೆ ಕೂಡಿಸಿತು. ವಿನೋದಕ್ಕೆಂದು ಹುಟ್ಟಿದ ಈ ಸೌಕರ್ಯ ಕ್ರಮೇಣ ಡಿಸ್ಪ್ಯಾಚರರ ಮೇಜನ್ನೂ ಸೇರಿತು.

ಬೇಸಗೆಯ ಸಂಜೆ ನ್ಯೂಯಾರ್ಕಿನ ಮೇಲೆ ಗುಡುಗುಮಳೆ ಕವಿದಿದೆಯೆನ್ನೋಣ. ಇಳಿಯಲೆಂದು ಕೆಳಗೆ ಬರುತ್ತಿದ್ದ ವಿಮಾನ ಇಳಿಯದೆ ಮತ್ತೆ ಮೇಲೇರಿದ್ದು ಪರದೆಯ ಮೇಲೆ ಕಾಣುತ್ತದೆ. ಕಾರಣವೇನು? ಮುಂದಿನ ವಿಮಾನ ರನ್‌ವೇಯನ್ನು ಬೇಗ ತೆರವು ಮಾಡದೆ ಹೀಗಾಗಿರಬಹುದು. ಹಾಗಿದ್ದರೆ ಒಂದು ಸುತ್ತು ಹಾಕಿ ಬಂದು ಇಳಿಯುತ್ತದೆ, ಚಿಂತೆಯಿಲ್ಲ. ಗಾಳಿ ಥಟ್ಟನೆ ದಿಕ್ಕು ಬದಲಿಸಿದ್ದರೆ ಹಿಂದಿನಿಂದ ಬರುವ ವಿಮಾನಗಳೂ ಇಳಿಯಲಾರವು. ಆಗ ಬೇರೆ ಊರನ್ನು ನೋಡಿಕೊಳ್ಳಬೇಕು. ಚಕ್ರಗಳೇ ಸರಿಯಾಗಿ ಇಳಿಬಿದ್ದಿಲ್ಲದಿದ್ದರೆ ಮಾಡಬೇಕಾದ ಸಿದ್ಧತೆಯೇ ಬೇರೆ. ಪರದೆಯ ಮೇಲೆ ಮೂರೂ ಒಂದೇ ಬಗೆಯಾಗಿ ಕಾಣುತ್ತವೆ. ಪೈಲಟ್‌ನನ್ನೇ ಕೇಳೋಣವೆಂದರೆ, ಅದು ಅವನ ಕೈ ಕಣ್ಣುಗಳಿಗೆ ಬಿಡುವಿಲ್ಲದ ಹೊತ್ತು. 10,000 ಅಡಿಗಿಂತ ಕೆಳಗೆ ಹಾರುವಾಗ ಚಾಲಕರು ಅನಗತ್ಯವಾದ ಯಾವ ಮಾತಿಗೂ ಕೆಲಸಕ್ಕೂ ಮನಸ್ಸು ಕೊಡಬಾರದೆಂದು 1981ರಲ್ಲಿಯೇ ಅಮೆರಿಕದಲ್ಲಿ ನಿಯಮವಾಗಿದೆ. ಆಗ ಡಿಸ್ಪ್ಯಾಚರ್ ಪ್ರಶ್ನೆ ಕೇಳುವುದಿಲ್ಲ. ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಆಲಿಸುತ್ತಾರೆ. ಇತರ ವಿಮಾನಗಳ ಪೈಲಟ್‌ಗಳು ಗಾಳಿಯ ಬಗ್ಗೆ ಹೇಳುವುದು, ಇನ್ನೆಷ್ಟು ಹೊತ್ತು ಸುತ್ತಬೇಕೆಂದು ನಿಯಂತ್ರಕರು ತಿಳಿಸುವುದು, ಎಲ್ಲವೂ ಕೇಳಿಸುತ್ತದೆ. ತಮ್ಮ ವಿಮಾನದ ಇಂಧನ ಎಷ್ಟು ನಿಮಿಷಕ್ಕೆ ಸಾಕೆಂದು ಅಷ್ಟರಲ್ಲಿ ಲೆಕ್ಕಹಾಕಿ, ಪರ್ಯಾಯ ನಿಲ್ದಾಣದ ಹವೆಯನ್ನು ವಿಚಾರಿಸಿ, ಪೈಲಟ್ ಬಾಯ್ದೆರೆಯುವ ಮೊದಲೇ ಉತ್ತರವನ್ನು ಸಿದ್ಧವಾಗಿ ಇಟ್ಟುಕೊಂಡಿರುತ್ತಾರೆ. ಮಾತಿನ ಅರ್ಥದಷ್ಟೇ ಮಾತಿನ ಧಾಟಿಯೂ ಅವರಿಗೆ ಮುಖ್ಯ. ಸಾವಧಾನದ ದನಿ ಯಾವುದು, ಅವಸರವನ್ನು ಅದುಮಿಟ್ಟುಕೊಂಡ ದನಿ ಯಾವುದು ಎಂಬುದನ್ನು ಬರಹದ ಸಂದೇಶ ತಿಳಿಸಲಾರದು.

ಇಂತಹ ಕಿವಿಯೊಂದು ಇಲ್ಲದಿದ್ದರೆ ಏನಾಗಬಹುದೆಂಬುದಕ್ಕೆ 1990ರ ಜನವರಿ 25ರ ರಾತ್ರಿಯೇ ಸಾಕ್ಷಿ. ಕೊಲಂಬಿಯ ದೇಶದಿಂದ ನ್ಯೂಯಾರ್ಕಿಗೆ ಬರುತ್ತಿದ್ದ ಅವಿಯಾಂಕಾ ಸಂಸ್ಥೆಯ 52ನೆಯ ಸಂಖ್ಯೆಯ ವಿಮಾನದಲ್ಲಿ 158 ಜನರಿದ್ದರು. ಕೆಟ್ಟ ಹವೆಯ ದೆಸೆಯಿಂದ ಅದನ್ನು ಮೂರು ಕಡೆಗಳಲ್ಲಿ ಒಟ್ಟು 77 ನಿಮಿಷಗಳ ಕಾಲ ಆಕಾಶದಲ್ಲಿಯೇ ಸುತ್ತಿಸಲಾಯಿತು. ಚಾಲಕರು ತಮಗೆ ಆದ್ಯತೆ ಬೇಕೆಂದರು, ಇಂಧನ ಕಡಮೆಯಾಗುತ್ತಿದೆ ಎಂದೂ ತಿಳಿಸಿದರು. ಆದರೆ ತುರ್ತುಸ್ಥಿತಿ ಎಂಬ ಒಂದು ಮಾತು ಅವರ ಬಾಯಿಂದ ಹೊರಡಲಿಲ್ಲ. ಆ ಮಾತು ಬಾರದೆ ನಿಯಂತ್ರಕರಿಗೆ ಅಪಾಯದ ಆಳ ಅರಿವಾಗಲಿಲ್ಲ. ಮೊದಲ ಸಲ ಇಳಿಯಲು ಮಾಡಿದ ಯತ್ನ ವಿಫಲವಾಯಿತು. ಎರಡನೆಯ ಯತ್ನಕ್ಕೆ ತಿರುಗಿ ಬರುತ್ತಿರುವಾಗ ನಾಲ್ಕು ಎಂಜಿನುಗಳೂ ಒಂದೊಂದಾಗಿ ನಿಂತುಹೋದವು. ವಿಮಾನ ಲಾಂಗ್ ಐಲೆಂಡಿನ ಕೋವ್ ನೆಕ್ ಎಂಬಲ್ಲಿ ಗುಡ್ಡದ ಮೇಲೆ ಬಿದ್ದು 73 ಜನ ಪ್ರಾಣ ಕಳೆದುಕೊಂಡರು. ಟ್ಯಾಂಕುಗಳಲ್ಲಿ ಇಂಧನವೇ ಇರಲಿಲ್ಲವಾಗಿ ಬೆಂಕಿಯೂ ಹೊತ್ತಿಕೊಳ್ಳಲಿಲ್ಲ. ತನಿಖೆ ನಡೆಸಿದ ಮಂಡಳಿ, ಚಾಲಕರು ಇಂಧನವನ್ನು ಸರಿಯಾಗಿ ನಿರ್ವಹಿಸದಿದ್ದುದನ್ನೂ ತುರ್ತುಸ್ಥಿತಿಯನ್ನು ಸಾರದಿದ್ದುದನ್ನೂ ಮುಖ್ಯ ಕಾರಣವೆಂದಿತು. ಜತೆಗೆ ಇನ್ನೊಂದನ್ನೂ ಎತ್ತಿ ಹೇಳಿತು: ಅಷ್ಟು ದೀರ್ಘವಾದ ಪಯಣದಲ್ಲಿ ಚಾಲಕರು ನೆಲದ ಮೇಲಿನ ಡಿಸ್ಪ್ಯಾಚ್ ವ್ಯವಸ್ಥೆಯ ನೆರವನ್ನು ಪಡೆಯಲಿಲ್ಲ. ಆ 77 ನಿಮಿಷಗಳ ಸಂಭಾಷಣೆಯನ್ನು ನೆಲದ ಮೇಲೆ ಒಬ್ಬರು ಆಲಿಸುತ್ತಿದ್ದರೆ ವಿಮಾನ ಉಳಿಯುತ್ತಿತ್ತೆಂದು ಖಂಡಿತವಾಗಿ ಹೇಳಲಾಗದು. ಆದರೆ ಇಂಧನದ ಲೆಕ್ಕವನ್ನು ಬಲ್ಲ ಒಬ್ಬರಿಗೆ ಆ ವಿನಯದ ಮಾತುಗಳು ಬೇರೆಯಾಗಿ ಕೇಳಿಸುತ್ತಿದ್ದವು.

ಕೇಳಿದ್ದೆಲ್ಲವನ್ನೂ ನಂಬಿ ನಡೆಯುವುದೂ ಅಪಾಯವೇ. ಅಂತರಜಾಲದ ದನಿ ಕೆಲವು ಕ್ಷಣ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು, ತಡವಾಗಿ ಬರುತ್ತದೆ. ಒಂದೇ ಗ್ರಾಹಕ ಹಲವು ತರಂಗಾಂತರಗಳನ್ನು ಸರದಿಯಂತೆ ಆಲಿಸುತ್ತಿದ್ದರೆ, ಒಂದರ ಮಾತು ಹಿಡಿಯುವಷ್ಟರಲ್ಲಿ ಇನ್ನೊಂದರ ಮಾತು ತಪ್ಪಿಹೋಗುತ್ತದೆ. ಮನೆಯ ಆಂಟೆನಾಕ್ಕೆ ಎತ್ತರದ ವಿಮಾನದ ಉತ್ತರ ಚೆನ್ನಾಗಿ ಕೇಳಿಸಿ, ನೆಲದ ಮೇಲಿನ ನಿಯಂತ್ರಕರ ಪ್ರಶ್ನೆ ಕೇಳಿಸದೆ ಇರುವುದೂ ಉಂಟು. ಸಂಖ್ಯೆಗಳು ಹೋಲುವ ಎರಡು ವಿಮಾನಗಳು ಒಟ್ಟಿಗೆ ಹಾರುತ್ತಿದ್ದರಂತೂ ಯಾರಿಗೆ ಹೇಳಿದ್ದನ್ನು ಯಾರಿಗೋ ಹೇಳಿದ್ದೆಂದು ಭ್ರಮಿಸುವುದು ಸುಲಭ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಬಲ್ಲವರಂತೆ, ಅನುಭವಿಗಳಾದ ಡಿಸ್ಪ್ಯಾಚರರು ಕಿವಿಗೆ ಬಿದ್ದದ್ದನ್ನು ಸುಳುಹೆಂದು ಮಾತ್ರ ಎಣಿಸುತ್ತಾರೆ. ಪೈಲಟ್‌ನ ಸಂದೇಶದಿಂದಲೋ ಅಧಿಕೃತ ಮೂಲದಿಂದಲೋ ಅದು ದೃಢಪಟ್ಟ ಮೇಲೆಯೇ ನಿರ್ಧಾರ.

ಈ ಅನುಕೂಲ ಎಲ್ಲ ದೇಶಗಳಲ್ಲಿಯೂ ಇಲ್ಲ. ಬ್ರಿಟನ್ನಿನಲ್ಲಿ ಇಂತಹ ಸಂಭಾಷಣೆಯನ್ನು ಅನುಮತಿಯಿಲ್ಲದೆ ಆಲಿಸುವುದೇ ಕಾನೂನಿಗೆ ವಿರುದ್ಧ; ಹೀಗಾಗಿ ಲಂಡನ್ನಿನ ನಿಲ್ದಾಣಗಳ ದನಿ ಆ ತಾಣದಲ್ಲಿ ದೊರೆಯುವುದಿಲ್ಲ. ದೊರೆಯುವ ಕಡೆಗಳಲ್ಲಿಯೂ ಎಲ್ಲವೂ ನಿಂತಿರುವುದು ಯಾರೋ ಒಬ್ಬರ ಮನೆಯ ಮೇಲಿನ ಒಂದು ತಂತಿಯನ್ನು ನೆಚ್ಚಿಕೊಂಡು. ಗುಡುಗುಮಳೆಗೆ ಆ ಮನೆಯ ವಿದ್ಯುತ್ತು ಹೋಯಿತೆಂದರೆ, ಹೆಚ್ಚು ಅಗತ್ಯವಿದ್ದ ಹೊತ್ತಿನಲ್ಲಿಯೇ ಆ ಊರಿನ ಆಕಾಶ ಮೂಕವಾಗುತ್ತದೆ. ಡಿಸ್ಪ್ಯಾಚರ್ ಹೆಡ್‌ಫೋನ್ ತೆಗೆದಿಟ್ಟು, ಹಿಂದಿನವರಂತೆ ದೂರವಾಣಿಯನ್ನು ಕೈಗೆತ್ತಿಕೊಳ್ಳುತ್ತಾರೆ.