ಮಜ್ಜಿಗೆ ಬರುವ ತನಕ

ಅಮೆರಿಕದಲ್ಲಿರುವ ನನ್ನ ತಮ್ಮ ಆರು ವರ್ಷಗಳ ನಂತರ ಹೆಂಡತಿ, ಮಗಳೊಡನೆ ಊರಿಗೆ ಬಂದ. ಕೈಯಲ್ಲಿದ್ದದ್ದು ನಾಲ್ಕೇ ದಿನ. ಗೋವಾದಲ್ಲಿ ವಿಮಾನ ಇಳಿಯುವ ಮೊದಲೇ ಪಟ್ಟಿ ತಯಾರಾಗಿತ್ತು: ಇಡಗುಂಜಿ, ಜೋಗ, ಮುರ್ಡೇಶ್ವರ, ಗೋಕರ್ಣ, ನಡುವೆ ಸಿಕ್ಕಷ್ಟು ನೆಂಟರು. ಯಾವ ಮನೆಯಲ್ಲಿ ಎಷ್ಟು ಹೊತ್ತು ಎಂಬುದೂ ಅದರಲ್ಲಿತ್ತು!

ತಮ್ಮನಿಗೆ ಇದು ಊರಿಗೆ ಬರುವುದು. ಹನ್ನೆರಡು ವರ್ಷದ ಅವನ ಮಗಳಿಗೆ ಮಾತ್ರ ಅಪ್ಪಟ ವಿದೇಶ ಪ್ರವಾಸ. ಅವಳು ಒಂದು ಪುಟ್ಟ ಪುಸ್ತಕ ಇಟ್ಟುಕೊಂಡಿದ್ದಳು. ನೋಡಿದ್ದನ್ನಲ್ಲ, ತಿಂದದ್ದನ್ನು ಬರೆಯಲು. ‘ನೋಡಿದ್ದಕ್ಕೆ ಫೋಟೋ ಇರ್ತದೆ ದೊಡ್ಡಪ್ಪ, ರುಚಿಗೆ ಎಂತ ಇರ್ತದೆ?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮೇ ತಿಂಗಳ ಕೊನೆಯ ವಾರ. ಕಾರವಾರ, ಅಂಕೋಲಾ ದಾಟಿ ಕುಮಟಾದ ಸಮೀಪ ಬಂದಾಗ ಹೆದ್ದಾರಿಯ ಬದಿಗೆ ಸಿಹಿ ಈರುಳ್ಳಿಯ ಗೊಂಚಲುಗಳು ಕಂಡವು. ಗದ್ದೆಯಿಂದ ಕಿತ್ತ ಈರುಳ್ಳಿಯನ್ನು ಅದರದೇ ಒಣಗಿದ ಎಲೆಗಳಲ್ಲಿ ಜಡೆ ಹೆಣೆದು ಸಾಲಾಗಿ ತೂಗುಹಾಕಿ ಮಾರುತ್ತಾರೆ. ಹುಡುಗಿ ಒಂದನ್ನು ಸುಲಿದು ಹಸಿಯಾಗಿಯೇ ಕಚ್ಚಿದಳು. ಕಣ್ಣಲ್ಲಿ ನೀರು ಬರಲಿಲ್ಲ. ಪುಸ್ತಕದ ಮೊದಲ ಸಾಲು ಅದಾಯಿತು. ಹೊನ್ನಾವರದಲ್ಲಿ ಬಾಳೆಹಣ್ಣು ಕಲಸಿ ಕರಿದ ಬನ್ಸ್, ಮುರುಗಲು ಹಣ್ಣಿನ ಪಾನಕ ಎರಡನೆಯ, ಮೂರನೆಯ ಸಾಲುಗಳಾದವು.

ಮರುದಿನ ಬೆಳಿಗ್ಗೆ ಇಡಗುಂಜಿ. ಹೆದ್ದಾರಿಯಿಂದ ಒಳಕ್ಕೆ ತಿರುಗಿದರೆ ಅಡಿಕೆ ತೋಟಗಳ ನಡುವಿನ ದಾರಿ. ಇಲ್ಲಿಯ ಮಹಾಗಣಪತಿ ಎರಡು ಕೈಗಳವನು, ನಿಂತಿರುವವನು. ಗರಿಕೆ, ಪಂಚಕಜ್ಜಾಯ ಅವನಿಗೆ ಪ್ರೀತಿ. ನಮ್ಮ ಕಡೆ ಮದುವೆಯ ಮಾತು ಮುಂದುವರಿಸಬೇಕೋ ಬೇಡವೋ ಎಂದು ಅವನ ಎದುರು ಪ್ರಸಾದ ಕೇಳುವುದುಂಟು. ಬೆಲ್ಲ, ಕಾಯಿತುರಿ, ಎಳ್ಳು ಸೇರಿದ ಪಂಚಕಜ್ಜಾಯವನ್ನು ಅಂಗೈಗೆ ಹಾಕಿಸಿಕೊಂಡ ಹುಡುಗಿ ಇನ್ನೊಮ್ಮೆ ಸಾಲಿನಲ್ಲಿ ನಿಂತಳು. ತಮ್ಮ ಗಡಿಯಾರ ನೋಡಿದ.

ಅಲ್ಲಿಂದ ಹತ್ತಿರದಲ್ಲೇ ನಮ್ಮ ಅತ್ತೆಯ ಮನೆ. ಮಾವ ಹೋಗಿ ಕೆಲವು ವರ್ಷಗಳಾದವು, ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ತೋಟಕ್ಕೆ ಆಳು ಬರುತ್ತಾನೆ, ಮನೆಯೊಳಗೆ ಅವಳೊಬ್ಬಳೇ. ವಯಸ್ಸು ಎಪ್ಪತ್ತೆಂಟು. ನಾವು ಬರುತ್ತೇವೆಂದು ಹಿಂದಿನ ದಿನವೇ ಶುರುಮಾಡಿರಬೇಕು. ಒಲೆಯ ಮೇಲೆ ಗಡಿಗೆ ಬೋರಲು ಹಾಕಿ, ಬಟ್ಟೆ ಸುತ್ತಿದ ಕೋಲನ್ನು ಬೆಲ್ಲದ ಹಿಟ್ಟಿನಲ್ಲಿ ಅದ್ದಿ ಅದರ ಬೆನ್ನಿಗೆ ಸವರಿ ತೊಡದೇವು ಎಬ್ಬಿಸಿದ್ದಳು. ಕಾಗದಕ್ಕಿಂತ ತೆಳು. ಹುಡುಗಿ ಅದನ್ನು ಬೆಳಕಿಗೆ ಹಿಡಿದು, ಆಚೆ ಇರುವ ನನ್ನ ಮುಖ ಕಾಣುತ್ತದೆಂದು ನಕ್ಕಳು.

ಬಾಳೆ ಎಲೆ ಹಾಕಿತು. ಉಪ್ಪು, ಅಪ್ಪೆಮಿಡಿ ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಅನ್ನ, ಅದರ ಮೇಲೆ ತುಪ್ಪ, ಒಂದೆಲಗದ ತಂಬುಳಿ, ಹುಳಿ. ಲೋಟದಲ್ಲಿ ಅಪ್ಪೆಹುಳಿ ಬೇರೆ. ಪಾಯಸ ಬಡಿಸುವ ಹೊತ್ತಿಗೆ ತಮ್ಮನ ಫೋನು ಹೊಡೆದುಕೊಂಡಿತು. ಜೋಗಕ್ಕೆ ಹೋಗಿ ಕತ್ತಲಾಗುವುದರೊಳಗೆ ಘಟ್ಟ ಇಳಿಯಬೇಕು. ಅವನು ಎದ್ದ, ಅವನ ಹಿಂದೆ ನಾವೆಲ್ಲ ಎದ್ದೆವು.

‘ಮಜ್ಜಿಗೆ ಉಣ್ದೇ ಏಳಡ ಕೂಸೆ’ ಎಂದು ಅತ್ತೆ ಹುಡುಗಿಗೆ ಹೇಳಿದ್ದು ನನಗೆ ಕೇಳಿಸಿತು. ಕೈತೊಳೆದು ತಿರುಗಿ ನೋಡಿದರೆ ಅವಳು ಮಜ್ಜಿಗೆಯ ಪಾತ್ರೆ ಹಿಡಿದು ಎಲೆಗಳ ಸಾಲಿನ ಕೊನೆಯಲ್ಲಿ ನಿಂತೇ ಇದ್ದಳು. ಏನೂ ಅನ್ನಲಿಲ್ಲ.

ಜೋಗದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಮೇ ತಿಂಗಳಲ್ಲಿ ಅಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು. ಆದರೆ ಗೇರುಸೊಪ್ಪೆಯ ಘಟ್ಟದ ತಿರುವುಗಳಲ್ಲಿ ಹುಡುಗಿಗೆ ಹೊಟ್ಟೆ ತೊಳಸದಿರಲೆಂದು ನಾನೊಂದು ಕತೆ ಹೇಳಿದೆ. ಅವಳಂತೆಯೇ ದೂರದೇಶದಿಂದ ಬಂದು, ಇದೇ ಹೊನ್ನಾವರದಲ್ಲಿ ಉಂಡು, ಉಂಡದ್ದನ್ನು ಬರೆಸಿಟ್ಟವನ ಕತೆ.

ಅವನ ಹೆಸರು ಇಬ್ನ್ ಬತೂತ. 1325ರಲ್ಲಿ ಮೊರೊಕ್ಕೊದ ಟ್ಯಾಂಜಿಯರ್‌ನಿಂದ ಹೊರಟವನು. 1340ರ ದಶಕದಲ್ಲಿ ದೆಹಲಿಯ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟ ದಾರಿಯಲ್ಲಿ ಹೊನ್ನಾವರಕ್ಕೆ ಬಂದ. ಅವನ ಬಾಯಲ್ಲಿ ಅದು ‘ಹಿನೌರ್’. ಆಗ ಅಲ್ಲಿ ಜಮಾಲುದ್ದೀನ್ ಮುಹಮ್ಮದ್ ಎಂಬ ಸುಲ್ತಾನ. ಊರಿನಲ್ಲಿ ಹುಡುಗರಿಗೆ ಇಪ್ಪತ್ತಮೂರು, ಹುಡುಗಿಯರಿಗೆ ಹದಿಮೂರು ಶಾಲೆಗಳನ್ನು ಕಂಡೆನೆಂದು ಅವನು ಹೇಳುತ್ತಾನೆ. ಹುಡುಗಿಗೆ ಅದು ಹಿಡಿಸಿತು. ಆದರೆ ಅವನು ಬಿಡಿಸಿ ಬಿಡಿಸಿ ಹೇಳುವುದು ಸುಲ್ತಾನನ ಜತೆಗಿನ ಊಟವನ್ನು.

ತಾಮ್ರದ ಮಣೆ, ಅದರ ಮೇಲೆ ‘ತಾಲಂ’ ಎಂಬ ತಾಮ್ರದ ತಟ್ಟೆ. ರೇಷ್ಮೆ ಉಟ್ಟ ದಾಸಿಯೊಬ್ಬಳು ಪಾತ್ರೆಗಳನ್ನು ತಂದಿಟ್ಟು, ದೊಡ್ಡ ತಾಮ್ರದ ಸೌಟಿನಿಂದ ಒಂದು ಸೌಟು ಅನ್ನ ಬಡಿಸುತ್ತಾಳೆ. ಅದರ ಮೇಲೆ ತುಪ್ಪ. ಪಕ್ಕಕ್ಕೆ ಉಪ್ಪಿನಲ್ಲಿ ಹಾಕಿದ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವಿನಕಾಯಿ. ಒಂದು ತುತ್ತು ಅನ್ನ, ಹಿಂದೆ ಒಂದು ಚೂರು ಉಪ್ಪಿನಕಾಯಿ. ಆ ಸೌಟು ಮುಗಿದರೆ ಇನ್ನೊಂದು ಸೌಟು, ಕೋಳಿಯ ಜತೆ. ಮತ್ತೊಂದು, ಬೇರೆ ಬಗೆಯ ಕೋಳಿಯ ಜತೆ. ಆಮೇಲೆ ಬಗೆಬಗೆಯ ಮೀನು. ಆಮೇಲೆ ತುಪ್ಪದಲ್ಲಿ ಬೇಯಿಸಿದ ತರಕಾರಿ. ಎಲ್ಲಕ್ಕೂ ಕೊನೆಗೆ ಮೊಸರು. ಮೊಸರು ಬಂತೆಂದರೆ ಇನ್ನೇನೂ ಬರುವುದಿಲ್ಲವೆಂದು ತಿಳಿಯಬೇಕು, ಅವರು ಊಟ ಮುಗಿಸುವುದೇ ಹಾಗೆ ಎನ್ನುತ್ತಾನೆ. ಕುಡಿಯಲು ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಕೆಡುಕಂತೆ.

ಕಾಲೇಜು ದಿನಗಳಲ್ಲಿ ಇದನ್ನು ಮೊದಲು ಓದಿದಾಗ ನನಗೆ ರೋಮಾಂಚನವಾಗಿತ್ತು. ಕೋಳಿ, ಮೀನು ಅತ್ತೆಯ ಅಡಿಗೆಮನೆ ಹೊಗುವಂಥವಲ್ಲ, ನಿಜ. ಕರಾವಳಿಯ ನವಾಯತರ ಮನೆಗಳಲ್ಲಿ, ಮೀನುಗಾರರ ಮನೆಗಳಲ್ಲಿ ಅವು ಇಂದಿಗೂ ಇವೆ. ಆದರೆ ಅನ್ನ, ಅದರ ಮೇಲೆ ತುಪ್ಪ, ಮಗ್ಗುಲಿಗೆ ಮಾವಿನಕಾಯಿ, ಸೌಟು ಸೌಟಾಗಿ ಬರುವ ಸರದಿ, ಕೊನೆಗೆ ಮೊಸರೋ ಮಜ್ಜಿಗೆಯೋ: ಈ ಕ್ರಮ ಜಾತಿ, ಮತ ಎಲ್ಲ ದಾಟಿ ಸುಮಾರು ಆರುನೂರ ಎಂಬತ್ತು ವರ್ಷ ಉಳಿದಿದೆ. ಪೋರ್ಚುಗೀಸರು ಒಣಮೆಣಸನ್ನು ತರುವುದಕ್ಕೂ ಹಿಂದಿನ ಊಟ ಅದು. ಖಾರವೆಂದರೆ ಕಾಳುಮೆಣಸು, ಶುಂಠಿ ಅಷ್ಟೆ. ಎಳೆಯ ಕಾಳುಮೆಣಸಿನ ಗೊಂಚಲನ್ನು ಉಪ್ಪುನೀರಿಗೆ ಹಾಕುವುದನ್ನು ಈಗಲೂ ನಮ್ಮ ಕಡೆ ಬಿಟ್ಟಿಲ್ಲ.

‘ಅವನಿಗೆ ಇಷ್ಟ ಆಯ್ತಾ?’ ಹುಡುಗಿ ಕೇಳಿದಳು.

ಅದನ್ನೂ ಹೇಳಬೇಕಾಯಿತು. ಆ ಸುಲ್ತಾನನಲ್ಲಿದ್ದ ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣಲಿಲ್ಲ ಎಂದು ಇಬ್ನ್ ಬತೂತ ಗೊಣಗುತ್ತಾನೆ. ಆಮೇಲೆ ಮಾಲ್ಡೀವ್ಸ್, ಸಿಂಹಳ, ಮಲಬಾರು ಎಂದು ಸುತ್ತಿ ಮೂರು ವರ್ಷ ಬರೀ ಅನ್ನ ಉಂಡವನಿಗೆ ಕೊನೆಗೆ ನೀರು ಕುಡಿಯದೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ಹುಡುಗಿ ಬಿದ್ದುಬಿದ್ದು ನಕ್ಕಳು. ಆ ದಿನ ಬೆಳಿಗ್ಗೆ ಅವಳೂ ಹೊನ್ನಾವರದಲ್ಲಿ ಬ್ರೆಡ್ಡು ಬೇಕೆಂದು ಹಟ ಹಿಡಿದಿದ್ದಳು!

ನಗು ನಿಂತ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ಹಾಗಾದರೆ ನಾವು ಅಜ್ಜಿಯ ಊಟ ಮುಗಿಸಲೇ ಇಲ್ಲ, ಅಲ್ವಾ?’

ಮುಂದಿನ ಆಸನದಲ್ಲಿದ್ದ ತಮ್ಮ ಮಾತಾಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಮುರ್ಡೇಶ್ವರ ಮುಗಿಸಿ ಗೋಕರ್ಣಕ್ಕೆ ಹೊರಡಬೇಕಿತ್ತು. ಮಂಕಿ ದಾಟಿದ ಮೇಲೆ ತಮ್ಮನೇ ಡ್ರೈವರಿಗೆ ಇಡಗುಂಜಿಯ ಕಡೆ ತಿರುಗಿಸಲು ಹೇಳಿದ. ಅತ್ತೆಗೆ ಫೋನು ಮಾಡಿದ್ದು ಅರ್ಧ ಗಂಟೆಯ ಮೊದಲಷ್ಟೆ. ‘ಏನೂ ಮಾಡಬೇಡ ಅತ್ತೆ, ಇದ್ದದ್ದನ್ನೇ ಉಣ್ಣುತ್ತೇವೆ’ ಎಂದಿದ್ದ.

ನಾವು ಹೋಗಿ ಮುಟ್ಟಿದಾಗ ಅವಳು ಗಾಬರಿಯಲ್ಲಿ ಅನ್ನಕ್ಕೆ ಎಸರಿಟ್ಟಿದ್ದಳು. ನಾನು ಅಡಿಗೆಮನೆಗೆ ಹೋದೆ. ಒಲೆಯ ಪಕ್ಕದಲ್ಲಿ ಅವಳದೇ ಮಧ್ಯಾಹ್ನದ ಊಟವಿತ್ತು: ಪುಟ್ಟ ಪಾತ್ರೆಯಲ್ಲಿ ಅನ್ನ, ಒಂದು ಲೋಟ ಮಜ್ಜಿಗೆ, ಒಂದು ಮಿಡಿ. ಬೇರೇನೂ ಇಲ್ಲ.

‘ಇಷ್ಟೆಯಾ?’ ಎಂದೆ.

‘ಒಬ್ಬಳಿಗೆ ಎಂತಕ್ಕೆ? ಜನ ಬಂದರೆ ಮಾಡುವುದು’ ಎಂದಳು ಅತ್ತೆ, ತೆಂಗಿನಕಾಯಿ ತುರಿಯುತ್ತ.

ಅದನ್ನು ಯಾವ ದೂರಿನ ದನಿಯಲ್ಲೂ ಅವಳು ಹೇಳಲಿಲ್ಲ. ನನಗೆ ಮಾತ್ರ ಎದೆಗೆ ತಾಗಿತು. ಅಷ್ಟು ಶತಮಾನ ಬಾಳಿದ ಊಟದ ಕ್ರಮ ನಮ್ಮ ಮನೆಗಳಲ್ಲಿ ಈಗ ಉಳಿದಿರುವುದು ಜನ ಬಂದಾಗ ಮಾತ್ರ. ಉಳಿದ ದಿನ ಅದರ ಕೊನೆಯ ಸೌಟು ಅಷ್ಟೇ ಇದೆ. ಬಂದ ಜನವೂ ಪಾಯಸಕ್ಕೇ ಎದ್ದು ಹೋದರೆ? ತಮ್ಮನನ್ನು ಬಯ್ಯುವ ಹಕ್ಕು ನನಗೂ ಇಲ್ಲ. ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ಸಿನ ದೂರದಲ್ಲಿರುವ ನಾನು ಆ ಮನೆಯಲ್ಲಿ ಎಲೆ ಮುಂದೆ ಕೂತು ಎರಡು ವರ್ಷವಾಗಿತ್ತು.

ಅಂದು ತೊಡದೇವು ಇರಲಿಲ್ಲ, ಪಾಯಸ ಇರಲಿಲ್ಲ. ಅನ್ನ, ತುಪ್ಪ, ಅವಸರದ ಒಂದು ತಂಬುಳಿ, ಹಪ್ಪಳ. ಅತ್ತೆಗೂ ಒಂದು ಎಲೆ ಹಾಕಿಸಿ ಹುಡುಗಿ ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ತಮ್ಮ ಬಡಿಸಿದ. ಬಡಿಸಲು ಬಾರದೆ ತುಪ್ಪವನ್ನು ಅನ್ನ ಬಿಟ್ಟು ಎಲೆಗೆಲ್ಲ ಚೆಲ್ಲಿದ. ಕೊನೆಗೆ ಮಜ್ಜಿಗೆ ಬಂತು. ಹುಡುಗಿಗೆ ಎಲೆಯಲ್ಲಿ ಅದನ್ನು ಹಿಡಿಯಲಾಗಲಿಲ್ಲ, ನೆಲಕ್ಕೆ ಹರಿಯಿತು. ಅತ್ತೆ ತನ್ನ ಎಲೆಯಲ್ಲಿ ಅನ್ನದ ಕಟ್ಟೆ ಕಟ್ಟುವುದು ಹೇಗೆಂದು ತೋರಿಸಿದಳು. ಎರಡನೆಯ ಸಲ ಕಟ್ಟೆ ನಿಂತಿತು.

ಗೋಕರ್ಣ ಪಟ್ಟಿಯಿಂದ ಬಿಟ್ಟುಹೋಯಿತು. ಮರುದಿನ ಗೋವಾದ ವಿಮಾನ ನಿಲ್ದಾಣದಲ್ಲಿ ಅವಳ ಪುಸ್ತಕ ಕೇಳಿ ನೋಡಿದೆ. ಇಪ್ಪತ್ತಕ್ಕೂ ಹೆಚ್ಚು ಸಾಲು. ಸಿಹಿ ಈರುಳ್ಳಿಗೆ ಒಂದು ಚಿತ್ರವೂ ಇತ್ತು. ಅತ್ತೆಯ ಮನೆಯ ಮೊದಲ ಊಟದ ಕೆಳಗೆ ಸ್ವಲ್ಪ ಜಾಗ ಖಾಲಿ ಬಿಟ್ಟಿದ್ದಳು. ಅಲ್ಲಿ ಬೇರೆ ಬಣ್ಣದ ಪೆನ್ನಿನಲ್ಲಿ ಒಂದೇ ಶಬ್ದ, ಅಂಕುಡೊಂಕು ಕನ್ನಡದಲ್ಲಿ: ‘ಮಜ್ಜಿಗೆ’.

ಅದರಲ್ಲಿ ಒಂದು ಒತ್ತು ತಪ್ಪಿತ್ತು. ನಾನು ತಿದ್ದಲು ಹೋಗಲಿಲ್ಲ. ಬೆಂಗಳೂರಿಗೆ ಮರಳಿದ ಮೇಲೆ ಮೊದಲು ಮಾಡಿದ ಕೆಲಸವೆಂದರೆ ಚೌತಿಯ ಹೊತ್ತಿಗೆ ಹೊನ್ನಾವರದ ಬಸ್ಸಿಗೆ ಒಂದು ಸೀಟು ಕಾದಿರಿಸಿದ್ದು.